ಮುಚ್ಚಳವಿರುವ ಪಿಕಪ್ ಮೇಲೆ ಕಯಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಕೋಡಿಬಾಗದಲ್ಲಿ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ, ಹಗುರ ದೋಣಿ) ಇಳಿಸುವಾಗ ಯಾರಾದರೊಬ್ಬರು ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಮೊದಲ ಪ್ರಶ್ನೆ ಬೆಲೆಯದು, ಎರಡನೆಯದು ಅದನ್ನು ಇಲ್ಲಿಯವರೆಗೆ ತಂದದ್ದು ಹೇಗೆ ಎಂಬುದು. ಶಿರಸಿ, ಕುಮಟಾ, ಹೊನ್ನಾವರದ ಗೆಳೆಯರೂ ಪತ್ರ ಬರೆದು ಇದನ್ನೇ ಕೇಳುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ ಇಟ್ಟು, ಇಲ್ಲಿ ಉತ್ತರಿಸಿದ್ದೇನೆ. ನನ್ನ ಬಳಿ ಇರುವುದು ಎರಡು ಸಾಲು ಸೀಟಿನ ಪಿಕಪ್, ಹಿಂದೆ ಗಡಸು ಮುಚ್ಚಳ, ಮೇಲೆ ಹನ್ನೆರಡು ಅಡಿಯ ಕಯಾಕ್. ಎರಡು ವಿಷಯಗಳಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ: ದೋಣಿಯ ಭಾರ ಮುಚ್ಚಳದ ಮೇಲೆ ಬೀಳಬಾರದು, ದೋಣಿಯ ಬಾಲ ಗಾಡಿಯಿಂದ ಹಿಂದಕ್ಕೆ ಚಾಚಬಾರದು.

## ಮೊದಲು ತಿಳಿಯಬೇಕಾದವು

ಮುಚ್ಚಳ ಎಂದರೆ ಗಾಡಿಗೆ ಹೊದಿಸುವ ಬಾಡಿ ಕವರೇ?

ಅಲ್ಲ. ಅಂಗಡಿಯಲ್ಲಿ ಬಾಡಿ ಕವರ್ ಎಂದು ಕೇಳಿದರೆ ಇಡೀ ಗಾಡಿಗೆ ಹೊದಿಸುವ ಬಟ್ಟೆಯನ್ನು ಕೊಡುತ್ತಾರೆ. ಇಲ್ಲಿ ಹೇಳುತ್ತಿರುವುದು ಪಿಕಪ್ಪಿನ ಹಿಂದೆ ಸರಕು ತುಂಬುವ ಭಾಗವನ್ನು (ಇಲ್ಲಿಂದ ಮುಂದೆ ಬಾಡಿ ಎಂದರೆ ಇದೇ) ಮಾತ್ರ ಮುಚ್ಚುವ ಚಪ್ಪಟೆ ಮುಚ್ಚಳದ ಬಗ್ಗೆ. ಮಾರುವವರು ಇದನ್ನು ಟೋನೊ ಕವರ್ ಎನ್ನುತ್ತಾರೆ. ಚಾಪೆಯಂತೆ ಸುತ್ತಿಡುವ ಮೆತ್ತನೆಯದು, ಮೂರು ಮಡಿಕೆಯಾಗಿ ಮಡಚುವ ಗಡಸಿನದು, ಅಂಗಡಿಯ ಶಟರಿನಂತೆ ಒಳಗೆ ಸರಿಯುವುದು, ಪೆಟ್ಟಿಗೆಯಂತೆ ಇಡಿಯಾಗಿ ಮೇಲೇಳುವುದು, ಹೀಗೆ ನಾಲ್ಕು ಬಗೆ ಸಾಮಾನ್ಯ.

ಐದು ಅಡಿಯ ಬಾಡಿಯಲ್ಲಿ ಹನ್ನೆರಡು ಅಡಿಯ ಕಯಾಕ್ ಹಿಡಿಯುವುದು ಹೇಗೆ?

ಹಿಡಿಯುವುದಿಲ್ಲ. ಆದ್ದರಿಂದಲೇ ಅದನ್ನು ಬಾಡಿಯೊಳಗೆ ಇಡುವ ಯೋಚನೆಯನ್ನು ಬಿಡಬೇಕು. ನಮ್ಮಲ್ಲಿ ಖಾಸಗಿಯಾಗಿ ಓಡುವ ಎರಡು ಸಾಲು ಸೀಟಿನ ಪಿಕಪ್‌ಗಳ ಬಾಡಿ ಸುಮಾರು ಒಂದೂವರೆ ಮೀಟರ್ ಉದ್ದ. ಹಿಂಬಾಗಿಲು ಇಳಿಸಿದರೆ ಇನ್ನು ಅರ್ಧ ಮೀಟರ್ ಸಿಗಬಹುದು. ಹನ್ನೆರಡು ಅಡಿ ಎಂದರೆ 3.66 ಮೀಟರ್. ಉಳಿದ ಒಂದೂವರೆ ಮೀಟರಿಗೂ ಹೆಚ್ಚು ಉದ್ದ ರಸ್ತೆಯ ಮೇಲೆ ತೂಗಾಡುತ್ತದೆ.

ಗಾಡಿಯ ಒಟ್ಟು ಉದ್ದವನ್ನು ನೋಡಿ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಎರಡೂ ಸುಮಾರು 5.3 ಮೀಟರ್. ಬಾಡಿಯ ಮೇಲೆ ಕ್ಯಾಬಿನ್ನಿನ ಚಾವಣಿಯ ಎತ್ತರಕ್ಕೆ ಅಡ್ಡಕಂಬಿಗಳನ್ನು ನಿಲ್ಲಿಸಿ ದೋಣಿಯನ್ನು ಅದರ ಮೇಲೆ ಮಲಗಿಸಿದರೆ, ಅದೇ ಹನ್ನೆರಡು ಅಡಿ ಗಾಡಿಯ ಉದ್ದದೊಳಗೆ ನೆಮ್ಮದಿಯಾಗಿ ಕೂರುತ್ತದೆ. ಬಾಲ ಹಿಂಬಾಗಿಲಿನ ನೇರಕ್ಕೆ ನಿಲ್ಲುತ್ತದೆ, ಮೂಗು ಮುಂದಿನ ಗಾಜಿನ ಮೇಲೆ ಸ್ವಲ್ಪ ಬರುತ್ತದೆ, ಬಂಪರ್ ತಲುಪುವುದಿಲ್ಲ.

ಮುಚ್ಚಳ ಗಟ್ಟಿಯಾಗಿಯೇ ಇದೆ. ಅದರ ಮೇಲೆಯೇ ಮಲಗಿಸಿ ಕಟ್ಟಿದರೆ ಏನು ತೊಂದರೆ?

ಮೆತ್ತನೆಯ ಮುಚ್ಚಳ ತಗ್ಗುತ್ತದೆ, ಹರಿಯುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಮೋಸ ಮಾಡುವುದು ಗಡಸು ಮುಚ್ಚಳ. ಇಷ್ಟು ಕಿಲೋ ತಾಳುತ್ತದೆ ಎಂದು ತಯಾರಕರು ಬರೆದಿರುವುದು ಇಡೀ ಮೈಮೇಲೆ ಸಮವಾಗಿ ಹರಡಿದ ಭಾರಕ್ಕೆ. ಕಯಾಕಿನ ತಳ ಚಪ್ಪಟೆಯಲ್ಲ. ಅದು ಎರಡು ಮೂರು ಕಡೆ ಮಾತ್ರ ತಾಗುತ್ತದೆ, ಆ ಅಂಗೈಯಗಲದ ಜಾಗವೇ ಎಲ್ಲವನ್ನೂ ಹೊರಬೇಕು. ಬೆಲ್ಟ್ ಬಿಗಿದಾಗ ದೋಣಿಯ ತೂಕದ ಜೊತೆಗೆ ಬೆಲ್ಟಿನ ಒತ್ತಡವೂ ಅಲ್ಲಿಯೇ ಬೀಳುತ್ತದೆ. ರಸ್ತೆಯ ಗುಂಡಿಯಲ್ಲಿ ಗಾಡಿ ಕುಪ್ಪಳಿಸಿದಾಗ ಆ ಭಾರ ಒಂದು ಕ್ಷಣ ಹಲವು ಪಟ್ಟಾಗುತ್ತದೆ.

ನನ್ನ ಮೊದಲ ಮುಚ್ಚಳ ಹಾಳಾದದ್ದು ಹೀಗೆಯೇ. ಅಂಕೋಲೆಯಿಂದ ಮರಳಿ ಬರುವಷ್ಟರಲ್ಲಿ ಮಧ್ಯದ ಮಡಿಕೆಯ ಕೀಲು ಬಾಗಿತ್ತು, ಮೊದಲ ಮಳೆಗೇ ನೀರು ಒಳಗೆ ಸುರಿಯಿತು. ಬಾಗಿದ ಕೀಲನ್ನು ನೇರ ಮಾಡಿಸಿದರೂ ಮುಚ್ಚಳ ಮೊದಲಿನಂತೆ ಕೂರಲಿಲ್ಲ.

ಕೆಂಪು ಬಟ್ಟೆ ಕಟ್ಟಿಕೊಂಡು ಹಿಂದೆ ಚಾಚಿ ಹೋಗಬಹುದಲ್ಲವೇ? ಬಿದಿರು, ಪೈಪು ಎಲ್ಲವೂ ಹಾಗೆಯೇ ಹೋಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಮಂದಿ ಕೇಳುವ ಪ್ರಶ್ನೆ ಇದು. ಇದಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ ಉತ್ತರಿಸುತ್ತೇನೆ: ಹೋಗಬಾರದು.

ಅಮೆರಿಕದಲ್ಲಿ ತೆಗೆದ ವಿಡಿಯೊಗಳಲ್ಲಿ ಹಿಂಬಾಗಿಲು ಇಳಿಸಿ, ಕೆಳಗೊಂದು ಆಸರೆಯ ಕಂಬಿ ಕೊಟ್ಟು, ಬಾಲಕ್ಕೆ ಕೆಂಪು ಬಾವುಟ ಕಟ್ಟಿ ಹೋಗುವುದನ್ನು ನೋಡಿ ನಮ್ಮವರು ಇಲ್ಲಿಯೂ ಅದೇ ನಡೆಯುತ್ತದೆ ಎಂದುಕೊಳ್ಳುತ್ತಾರೆ. ನಮ್ಮ ಕಾನೂನು ಬೇರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮದ ಪ್ರಕಾರ ಸರಕು ಗಾಡಿಯ ಪಕ್ಕಕ್ಕಾಗಲಿ ಹಿಂದಕ್ಕಾಗಲಿ ಹೊರಚಾಚುವಂತಿಲ್ಲ. ಹಿಂದಕ್ಕೆ ಒಂದು ಮೀಟರಿನವರೆಗೆ ಚಾಚಲು ಮೊದಲು ಇದ್ದ ವಿನಾಯಿತಿಯನ್ನು 2014ರಲ್ಲಿ ತೆಗೆದುಹಾಕಲಾಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಹೊರಚಾಚಿದ ಸರಕಿಗೆ ದಂಡ 20,000 ರೂಪಾಯಿ. ಸರಕನ್ನು ಅಲ್ಲಿಯೇ ಇಳಿಸುವ ಖರ್ಚೂ ನಮ್ಮದೇ. ಕೆಂಪು ಬಟ್ಟೆ ಕಟ್ಟಿದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ.

ದಂಡಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರಾತ್ರಿ ಬೈಕಿನಲ್ಲಿ ಬರುವವನ ಕಣ್ಣಿನ ಎತ್ತರದಲ್ಲಿಯೇ ಆ ದೋಣಿಯ ಚೂಪು ತುದಿ ಇರುತ್ತದೆ. ಅವನಿಗೆ ಕಾಣುವುದು ಗಾಡಿಯ ಹಿಂದಿನ ದೀಪ, ದೂರ ಅಳೆಯುವುದೂ ಅದರಿಂದಲೇ. ಕತ್ತಲಿನಲ್ಲಿ ಒಂದೂವರೆ ಮೀಟರ್ ಮುಂಚೆಯೇ ಇರುವ ಕಪ್ಪು ಪ್ಲಾಸ್ಟಿಕ್ ಕಾಣುವುದಿಲ್ಲ. ಹಿಂಬಾಗಿಲು ಇಳಿಸಿದರೆ ನಂಬರ್ ಫಲಕವೂ ಮರೆಯಾಗಬಹುದು. ವಿನೋದಕ್ಕಾಗಿ ನೀರಿಗೆ ಹೊರಟ ನಾವು ಯಾರದೋ ಮನೆಯ ಮಗನಿಗೆ ಅಪಾಯ ಒಡ್ಡುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಮುಚ್ಚಳವನ್ನು ಬಿಚ್ಚಿ ಮನೆಯಲ್ಲಿಟ್ಟು ಹೋಗಬೇಕೇ?

ಬೇಡ. ಅಡ್ಡಕಂಬಿಯ ಕಾಲುಗಳು ಬಾಡಿಯ ಅಂಚಿನ ಮೇಲೆ ನಿಲ್ಲಬೇಕು, ಮುಚ್ಚಳ ಅವುಗಳ ನಡುವೆ ತನ್ನ ಪಾಡಿಗೆ ಇರಬೇಕು. ಭಾರ ಕಂಬಿಯಿಂದ ಕಾಲಿಗೆ, ಕಾಲಿನಿಂದ ಬಾಡಿಯ ಗೋಡೆಗೆ ಇಳಿಯುತ್ತದೆ. ಒಂದು ತೊಡಕೆಂದರೆ, ಮುಚ್ಚಳವನ್ನು ಕೂರಿಸುವ ಹಳಿಯೂ ಕಂಬಿಯ ಕಾಲೂ ಅದೇ ಎರಡು ಇಂಚಿನ ಅಂಚಿಗಾಗಿ ಜಗಳಕ್ಕೆ ಬೀಳುತ್ತವೆ. ಕೊಳ್ಳುವ ಮೊದಲು ಎರಡನ್ನೂ ಗಾಡಿಯ ಮೇಲೆ ಒಟ್ಟಿಗೆ ಇಟ್ಟು ನೋಡಿ.

ಇನ್ನೂ ಮುಚ್ಚಳ ಕೊಂಡಿಲ್ಲ. ದೋಣಿಯೂ ಹೋಗಬೇಕು ಎಂದರೆ ಯಾವುದನ್ನು ಕೊಳ್ಳಲಿ?

ಹಣವಿದ್ದರೆ ಶಟರಿನಂತೆ ಸರಿಯುವುದು. ದೋಣಿ ಮೇಲಿದ್ದಾಗಲೂ ಅದನ್ನು ತೆರೆಯಬಹುದು. ಮೂರು ಮಡಿಕೆಯದಾದರೆ ಹಿಂದಿನ ಒಂದು ಮಡಿಕೆ ಮಾತ್ರ ತೆರೆಯುತ್ತದೆ, ಅಷ್ಟು ಸಾಕು ಎನ್ನುವವರಿಗೆ ಅದೇ ಸಾಕು. ಇಡಿಯಾಗಿ ಮೇಲೇಳುವ ಫೈಬರ್ ಮುಚ್ಚಳವನ್ನು ಕಯಾಕ್ ಇರುವವರು ಕೊಳ್ಳಬೇಡಿ: ಎದ್ದರೆ ಕಂಬಿಗೆ ಬಡಿಯುತ್ತದೆ, ಎಲ್ಲವನ್ನೂ ಇಳಿಸದೆ ನೀರಿನ ಬಾಟಲಿಯೂ ಸಿಗುವುದಿಲ್ಲ.

ಗಾಳಿ ತುಂಬುವ ಕಯಾಕ್ ಆದರೆ?

ಈ ತಾಪತ್ರಯ ಯಾವುದೂ ಇಲ್ಲ. ಚೀಲದಲ್ಲಿ ಮಡಚಿ ಮುಚ್ಚಳದ ಕೆಳಗಿಟ್ಟು ಬೀಗ ಹಾಕಿ. ಮನೆಗೆ ಬಂದ ದಿನವೇ ಬಿಚ್ಚಿ ಒಣಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

## ಏರಿಸುವುದು, ಕಟ್ಟುವುದು

ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಂಬಿ ಮಾಡಿಸಿದರೆ ಆಗದೇ?

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಮೀನುಗಾರಿಕೆಯ ಊರುಗಳಲ್ಲಿ ಕಬ್ಬಿಣದ ಕೆಲಸ ಬಲ್ಲವರಿಗೆ ಉಪ್ಪುಗಾಳಿಯ ಗುಣವೂ ಗೊತ್ತು. ಮೂರು ಮಾತು ಹೇಳಿ ಮಾಡಿಸಿ. ಸತುವು ಲೇಪಿಸಿದ 40 ಮಿಲಿಮೀಟರಿನ ಚೌಕ ಪೈಪು ಬಳಸಲಿ, ಗೋಡೆಯ ದಪ್ಪ 2 ಮಿಲಿಮೀಟರ್ ಇದ್ದರೆ ಸಾಕು. ವೆಲ್ಡಿಂಗ್ ಮಾಡಿದಲ್ಲೆಲ್ಲ ಸತುವು ಸುಟ್ಟುಹೋಗುತ್ತದೆ, ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ. ಆ ಜಾಗಕ್ಕೆ ಸತುವು ಹೆಚ್ಚಿರುವ ಬಣ್ಣ ಬಳಿಯಲಿ. ಮೂರನೆಯದು ಮುಖ್ಯ: ಗಾಡಿಯ ಮೈಗೆ ವೆಲ್ಡ್ ಮಾಡುವುದು ಬೇಡ, ನಟ್ಟು ಬೋಲ್ಟಿನಿಂದ ಬಿಗಿದು ಬಿಚ್ಚುವಂತಿರಲಿ. ಗಾಡಿಯ ರಚನೆಯನ್ನೇ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ವಿಮೆಯ ವಿಷಯದಲ್ಲಿಯೂ ತಕರಾರು ಏಳುತ್ತದೆ.

ಜೋಡಿಸಿದ ಮೇಲೆ ಒಂದು ಫೋಟೊ ತೆಗೆದುಕೊಂಡು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತೋರಿಸಿ ಕೇಳಿಬಿಡಿ. 93ನೇ ನಿಯಮದಲ್ಲಿ ಸರಕು ಹೊರುವ ಭಾಗಕ್ಕಿಂತ ಮುಂದಕ್ಕೆ ಚಾಚುವುದರ ಬಗ್ಗೆಯೂ ಮಾತಿದೆ. ಕ್ಯಾಬಿನ್ನಿನ ಮೇಲೆ ದೋಣಿ ಬರುವ ಜೋಡಣೆಗೆ ಅಧಿಕಾರಿಯ ಮಾತು ಕೇಳಿಕೊಂಡಿರುವುದು ಒಳ್ಳೆಯದು. ಕಾರವಾರದ ಕೆಎ-30, ಶಿರಸಿಯ ಕೆಎ-31, ಹೊನ್ನಾವರದ ಕೆಎ-47, ದಾಂಡೇಲಿಯ ಕೆಎ-65, ಹೀಗೆ ನಮ್ಮ ಜಿಲ್ಲೆಯಲ್ಲಿಯೇ ನಾಲ್ಕು ಕಚೇರಿಗಳಿವೆ, ಯಾವುದೂ ಬಹಳ ದೂರವಲ್ಲ.

ಕಯಾಕನ್ನು ಬೋರಲು ಇಡಬೇಕೋ, ಅಂಗಾತ ಇಡಬೇಕೋ?

ಬರಿಯ ಅಡ್ಡಕಂಬಿಯಾದರೆ ಬೋರಲು. ದೋಣಿಯ ಮೇಲಂಚು ತಳಕ್ಕಿಂತ ಗಡುಸು, ಬೆಲ್ಟ್ ಎಳೆದರೂ ನೆಗ್ಗುವುದಿಲ್ಲ. ಕೂರುವ ಗುಳಿಯಲ್ಲಿ ಮಳೆನೀರೂ ನಿಲ್ಲುವುದಿಲ್ಲ. ಕಂಬಿಯ ಮೇಲೆ ದೋಣಿ ಕೂರಿಸಲು ತಳದ ಆಕಾರಕ್ಕೆ ತಕ್ಕ ತೊಟ್ಟಿಲಿದ್ದರೆ ಅಂಗಾತ ಇಡಬಹುದು. ಕಂಬಿಗೆ ದಪ್ಪ ರಬ್ಬರ್ ಅಥವಾ ಫೋಮ್ ಸುತ್ತಲು ಮರೆಯಬೇಡಿ.

ನನ್ನ ಬಳಿ ಲಾರಿಯವರು ಬಳಸುವ ರ್ಯಾಚೆಟ್ ಬೆಲ್ಟ್ ಇದೆ. ಸಾಕೇ?

ಅದು ಅತಿಯಾಯಿತು. ರ್ಯಾಚೆಟ್‌ನ ಹಿಡಿಯನ್ನು ಎರಡು ಸಲ ಹೆಚ್ಚಿಗೆ ಒತ್ತಿದರೆ ಪ್ಲಾಸ್ಟಿಕ್ ದೋಣಿ ಕಣ್ಣೆದುರೇ ಕುಗ್ಗುತ್ತದೆ. ಫೈಬರ್ ದೋಣಿಯಾದರೆ ಸೀಳುತ್ತದೆ. ಕೈಯಿಂದ ಎಳೆದು ಬಿಗಿಯುವ, ಹಲ್ಲಿನ ಬಕಲ್ ಇರುವ ಒಂದಿಂಚು ಅಗಲದ ಬೆಲ್ಟ್ ತೆಗೆದುಕೊಳ್ಳಿ. ಒಬ್ಬ ಮನುಷ್ಯನ ತೋಳಿನ ಬಲ ಎಷ್ಟೋ ಅಷ್ಟೇ ಬಿಗಿ ಸಾಕು. ಬಕಲ್ ದೋಣಿಗೆ ಬಡಿಯದಂತೆ ಅದರ ಕೆಳಗೆ ಬಟ್ಟೆಯಿಡಿ.

ಸರಿಯಾಗಿ ಕಟ್ಟಿದೆಯೇ ಎಂದು ನೋಡುವ ಬಗೆ ಸುಲಭ. ದೋಣಿಯ ತುದಿ ಹಿಡಿದು ಪಕ್ಕಕ್ಕೆ ಜೋರಾಗಿ ಅಲುಗಿಸಿ. ದೋಣಿಯ ಜೊತೆ ಇಡೀ ಗಾಡಿಯೇ ಅಲುಗಿದರೆ ಕಟ್ಟು ಗಟ್ಟಿ. ದೋಣಿ ಮಾತ್ರ ಅಲುಗಿದರೆ ಬಿಚ್ಚಿ ಮತ್ತೆ ಕಟ್ಟಿ. ಮೊದಲ ಐದು ಕಿಲೋಮೀಟರಿನಲ್ಲಿ ಬೆಲ್ಟ್ ಕೂತು ಸಡಿಲವಾಗುವುದು ಸಹಜ. ಆಗೊಮ್ಮೆ ನಿಲ್ಲಿಸಿ ಬಿಗಿದುಕೊಳ್ಳಿ.

ಹಗ್ಗವೇ ಬೇಕೆನ್ನುವವರು ತೆಂಗಿನ ನಾರಿನ ಹಗ್ಗವನ್ನು ಬಿಟ್ಟು ಪಾಲಿಯೆಸ್ಟರ್ ಹಗ್ಗ ಹಿಡಿಯಿರಿ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ.

ನಡುವೆ ಎರಡು ಬೆಲ್ಟ್ ಹಾಕಿದ್ದೇನೆ. ಮುಂದಿನ ಮತ್ತು ಹಿಂದಿನ ಹಗ್ಗ ನಿಜಕ್ಕೂ ಬೇಕೇ?

ಬೇಕು. ಬೆಲ್ಟುಗಳು ದೋಣಿಯನ್ನು ಕಂಬಿಗೆ ಕಟ್ಟುತ್ತವೆ. ಕಂಬಿಯೇ ಗಾಡಿಯಿಂದ ಕಳಚಿಕೊಂಡರೆ? ಮೂಗಿನ ಹಗ್ಗ ಮತ್ತು ಬಾಲದ ಹಗ್ಗ ದೋಣಿಯನ್ನು ನೇರವಾಗಿ ಗಾಡಿಗೆ ಕಟ್ಟುತ್ತವೆ. ಗಾಡಿ ತಟ್ಟನೆ ನಿಂತಾಗ ದೋಣಿ ಮುಂದಕ್ಕೆ ಜಾರದಂತೆ ತಡೆಯುವುದೂ ಅವೇ. ಅರಬೈಲ್ ಘಟ್ಟ ಇಳಿಯುವಾಗ ಎದುರಿಗೆ ದನ ಬಂದು ನಾನು ಬ್ರೇಕ್ ಒತ್ತಿದ್ದೆ. ಆ ದಿನ ಸೋಮಾರಿತನದಿಂದ ಹಿಂದಿನ ಹಗ್ಗ ಕಟ್ಟಿರಲಿಲ್ಲ. ದೋಣಿ ಒಂದು ಗೇಣು ಮುಂದೆ ಸರಿದು ನಿಂತಿತು. ಅಷ್ಟರಲ್ಲಿಯೇ ಮುಗಿಯಿತು, ಆದರೆ ಅಂದಿನಿಂದ ಹಗ್ಗವಿಲ್ಲದೆ ಗಾಡಿ ಹೊರಟಿಲ್ಲ.

ಬಂಪರಿನ ಪ್ಲಾಸ್ಟಿಕ್‌ಗೆ ಕಟ್ಟಬೇಡಿ. ಬಾನೆಟ್ಟಿನ ಒಳಗಿನ ಬೋಲ್ಟಿಗೆ ಬಟ್ಟೆಯ ಕುಣಿಕೆ ಸಿಕ್ಕಿಸಿ ಹೊರತಂದರೆ ಮುಂದಿನ ಹಗ್ಗಕ್ಕೆ ಒಳ್ಳೆಯ ಆಸರೆ. ಹಗ್ಗದ ಮಿಕ್ಕ ತುದಿ ಚಕ್ರಕ್ಕೆ ಸಿಕ್ಕದಂತೆ ಸುತ್ತಿ ಗಂಟು ಹಾಕಿ.

ನಾನೊಬ್ಬಳೇ ಇರುತ್ತೇನೆ. ಅಷ್ಟು ಎತ್ತರಕ್ಕೆ ಎತ್ತಲು ಆಗುತ್ತದೆಯೇ?

ಆಗುತ್ತದೆ. ಇಡಿಯಾಗಿ ಎತ್ತುವ ಪ್ರಯತ್ನವೇ ಬೇಡ. ಇಂತಹ ಕಯಾಕ್ ಸಾಮಾನ್ಯವಾಗಿ 25ರಿಂದ 30 ಕಿಲೋ. ದೋಣಿಯನ್ನು ಗಾಡಿಯ ಹಿಂದೆ ನೇರಕ್ಕೆ ಮಲಗಿಸಿ, ಬಾಲದ ಕೆಳಗೆ ಹಳೆಯ ಚಾಪೆ ಹಾಕಿ. ಮೂಗನ್ನು ಮಾತ್ರ ಎತ್ತಿ ಹಿಂದಿನ ಕಂಬಿಯ ಮೇಲಿಡಿ. ಆಗ ನಿಮ್ಮ ಕೈಗೆ ಬರುವುದು ಅರ್ಧ ತೂಕ. ಬಳಿಕ ಬಾಲದ ಕಡೆಗೆ ಹೋಗಿ ಎತ್ತಿ ಮುಂದಕ್ಕೆ ತಳ್ಳಿ. ಹಿಂದಿನ ಕಂಬಿಗೆ ತಿರುಗುವ ಪಿವಿಸಿ ಪೈಪಿನ ತುಂಡು ತೊಡಿಸಿದರೆ ದೋಣಿ ಉರುಳಿಕೊಂಡು ಹೋಗುತ್ತದೆ. ಎತ್ತರ ಸಾಲದಿದ್ದರೆ ಮೆಟ್ಟಿಲು ಸ್ಟೂಲ್ ಇಟ್ಟುಕೊಳ್ಳಿ. ಹಿಂಬಾಗಿಲಿನ ಮೇಲೆ ಹತ್ತಿ ನಿಲ್ಲುವುದು ಬೇಡ, ಒದ್ದೆ ಕಾಲು ಜಾರುತ್ತದೆ.

ದೋಣಿ ಇಳಿಸುವ ಕಡೆಗಳಲ್ಲಿ ಮೀನುಗಾರರು ತಾವಾಗಿಯೇ ಕೈ ಹಚ್ಚುತ್ತಾರೆ. ಪಾತಿ ದೋಣಿಯನ್ನು ದಿನವೂ ಎಳೆಯುವ ಅವರಿಗೆ ನಮ್ಮ ಪ್ಲಾಸ್ಟಿಕ್ ದೋಣಿ ಹೂವಿನಷ್ಟು ಹಗುರ. ಅವರ ಬಲೆಯನ್ನು ತುಳಿಯದೆ, ಅವರ ದೋಣಿಯ ದಾರಿಗೆ ಗಾಡಿ ಅಡ್ಡ ನಿಲ್ಲಿಸದೆ ಇರುವುದು ನಮ್ಮ ಪಾಲಿನ ಕೆಲಸ.

ಹುಟ್ಟು, ಲೈಫ್ ಜಾಕೆಟ್ ಎಲ್ಲಿಡಲಿ?

ಮುಚ್ಚಳದ ಕೆಳಗೆ. ಮುಚ್ಚಳದ ನಿಜವಾದ ಉಪಯೋಗವೇ ಅದು. ದೋಣಿಯೊಳಗೆ ಸಿಕ್ಕಿಸಿದ ಯಾವ ವಸ್ತುವೂ ಹೆದ್ದಾರಿಯ ಗಾಳಿಗೆ ಉಳಿಯುವುದಿಲ್ಲ. ಎರಡು ತುಂಡಾಗುವ ಹುಟ್ಟಾದರೆ ಐದು ಅಡಿಯ ಬಾಡಿಯಲ್ಲಿ ಸಲೀಸಾಗಿ ಹಿಡಿಯುತ್ತದೆ.

## ಗಾಳಿ, ಘಟ್ಟ, ಮಳೆ

ಎಷ್ಟು ವೇಗದಲ್ಲಿ ಹೋಗಬಹುದು?

ನಾನು ಅರವತ್ತು ಎಪ್ಪತ್ತು ದಾಟುವುದಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. 40ರಲ್ಲಿ ಸುಮ್ಮನಿದ್ದ ದೋಣಿ 80ರಲ್ಲಿ ಮೂಗು ಎತ್ತಲು ಹವಣಿಸುತ್ತದೆ.

ಕರಾವಳಿಯಲ್ಲಿ ಪಕ್ಕದ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ. ಗುಡ್ಡ, ತೋಟಗಳ ಮರೆಯಲ್ಲಿ ಬರುವಾಗ ಅದು ಗೊತ್ತೇ ಆಗುವುದಿಲ್ಲ. ಕಾರವಾರದ ಕಾಳಿ ಸೇತುವೆಯನ್ನೋ ಹೊನ್ನಾವರದ ಶರಾವತಿ ಸೇತುವೆಯನ್ನೋ ಹತ್ತಿದೊಡನೆ ಬಯಲಿಗೆ ಬಿದ್ದಂತಾಗಿ ಪಶ್ಚಿಮದಿಂದ ಒಂದು ತಳ್ಳು ಬರುತ್ತದೆ. ಸೇತುವೆಗೆ ಮುಂಚೆಯೇ ವೇಗ ಇಳಿಸಿ, ಪಕ್ಕದಲ್ಲಿ ಲಾರಿ ಹಾದುಹೋಗುವಾಗ ಸ್ಟೇರಿಂಗ್ ಗಟ್ಟಿ ಹಿಡಿಯಿರಿ. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಮರಳುವುದು ನೀರಿಗೂ ಒಳ್ಳೆಯದು, ರಸ್ತೆಗೂ ಒಳ್ಳೆಯದು.

ಶಿರಸಿಯಿಂದ ಅಘನಾಶಿನಿ ಅಳಿವೆಗೆ ಬರಬೇಕು. ದೇವಿಮನೆ ಘಟ್ಟದಲ್ಲಿ ಕಷ್ಟವಾಗುತ್ತದೆಯೇ?

ತಿರುವು ನಿಧಾನವಾಗಿ ತೆಗೆದುಕೊಂಡರೆ ಕಷ್ಟವಿಲ್ಲ. ದೋಣಿ ಮೇಲಿರುವುದರಿಂದ ಗಾಡಿ ಮಾಮೂಲಿಗಿಂತ ಹೆಚ್ಚು ವಾಲುತ್ತದೆ. ಕಣ್ಣಿಡಬೇಕಾದದ್ದು ಮೇಲಕ್ಕೆ: ಬಾಗಿದ ಬಿದಿರು, ರಸ್ತೆಗೆ ಇಳಿದ ಕೊಂಬೆ, ಊರೊಳಗೆ ಜೋತುಬಿದ್ದ ತಂತಿ. ಗಾಡಿ, ಕಂಬಿ, ದೋಣಿ ಸೇರಿ ನೆಲದಿಂದ ಎಷ್ಟೆತ್ತರ ಎಂದು ಟೇಪು ಹಿಡಿದು ಅಳೆದು, ಆ ಅಂಕಿಯನ್ನು ಡ್ಯಾಷ್‌ಬೋರ್ಡಿನ ಮೇಲೆ ಬರೆದು ಅಂಟಿಸಿ. ರೈಲು ಹಳಿಯ ಕೆಳದಾರಿಗೆ ಬಂದಾಗ ಊಹಿಸುತ್ತ ನಿಲ್ಲಬೇಕಾಗುವುದಿಲ್ಲ. ಶಿರಸಿಯ ಬಳಿ ಹುಟ್ಟಿ ಅಣೆಕಟ್ಟು ಕಾಣದೆ ಕಡಲಿಗೆ ಬರುವ ಈ ಹೊಳೆಯ ಅಳಿವೆಗೆ ಶಿರಸಿಯವರು ದೋಣಿ ತರುವುದು ನನಗಂತೂ ಸಂತೋಷದ ಸಂಗತಿ.

ಮಳೆಗಾಲದಲ್ಲಿ ಸಾಗಿಸಬಹುದೇ?

ಸಾಗಿಸಬಹುದು, ಆದರೆ ಎಲ್ಲಿಗೆ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿಯ ರಭಸ ನೋಡಿದವರು ದೋಣಿ ಇಳಿಸುವ ಮಾತನ್ನೂ ಆಡುವುದಿಲ್ಲ. ದುರಸ್ತಿಗೋ ಮನೆ ಬದಲಿಸುವುದಕ್ಕೋ ಸಾಗಿಸಲೇಬೇಕಾದರೆ ಬೋರಲಾಗಿ ಇಡಿ. ಅಂಗಾತವಿಟ್ಟ ದೋಣಿಯಲ್ಲಿ 40 ಲೀಟರ್ ನೀರು ನಿಂತರೆ ಕಂಬಿಯ ಮೇಲೆ 40 ಕಿಲೋ ಹೆಚ್ಚಾಯಿತು.

ಮುಚ್ಚಳದ ನಾಲ್ಕು ಮೂಲೆಯಲ್ಲಿ ನೀರು ಹರಿದುಹೋಗುವ ಸಣ್ಣ ಕೊಳವೆಗಳಿರುತ್ತವೆ. ಬೇಸಿಗೆಯ ಕೆಂಪು ಧೂಳು, ಎಲೆಚೂರು ಅವುಗಳಲ್ಲಿ ಕಟ್ಟಿಕೊಂಡಿರುತ್ತವೆ. ಮೇ ಮುಗಿಯುವುದರೊಳಗೆ ಸೈಕಲ್ ಪಂಪಿನಿಂದ ಗಾಳಿ ಊದಿ ಬಿಡಿಸಿ. ಮುಚ್ಚಳ ಸೋರುತ್ತದೆ ಎನ್ನುವ ದೂರುಗಳಲ್ಲಿ ನಾನು ಕಂಡ ಬಹುಪಾಲು ಇದರಿಂದಲೇ ಬಂದವು.

ಬೆಲ್ಟ್ ಗುಂಯ್ ಎಂದು ಕೂಗುತ್ತದೆ. ಏನು ಮಾಡಲಿ?

ದೋಣಿಯಿಂದ ಕಂಬಿಗೆ ಇಳಿಯುವ ಕಡೆ ಬೆಲ್ಟಿಗೆ ಒಂದು ತಿರುಚು ಕೊಡಿ. ಸದ್ದು ನಿಲ್ಲುತ್ತದೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಒಂದು ಕಂಬಿ ಕ್ಯಾಬಿನ್ನಿನ ಚಾವಣಿಯ ಮೇಲೆ, ಇನ್ನೊಂದು ಬಾಡಿಯ ಮೇಲೆ ಇಟ್ಟರೆ ಹೆಚ್ಚು ಗಟ್ಟಿಯಲ್ಲವೇ?

ನೋಡಲು ಹಾಗೆ ತೋರುತ್ತದೆ. ಆದರೆ ಪಿಕಪ್ಪಿನಲ್ಲಿ ಕ್ಯಾಬಿನ್ ಬೇರೆ, ಬಾಡಿ ಬೇರೆ. ಎರಡೂ ಒಂದೇ ಚಾಸಿಯ ಮೇಲೆ ತಮ್ಮ ತಮ್ಮ ರಬ್ಬರ್ ದಿಂಬುಗಳ ಮೇಲೆ ಕೂತಿರುತ್ತವೆ. ಒಂದು ಚಕ್ರ ಗುಂಡಿಗೆ ಇಳಿದಾಗ ಚಾಸಿ ಸ್ವಲ್ಪ ತಿರುಚುತ್ತದೆ, ಕ್ಯಾಬಿನ್ ಒಂದು ಕಡೆ ವಾಲಿದರೆ ಬಾಡಿ ಇನ್ನೊಂದು ಕಡೆ ವಾಲುತ್ತದೆ. ಮಣ್ಣಿನ ದಾರಿಯಲ್ಲಿ ಹೋಗುವ ಪಿಕಪ್ಪನ್ನು ಹಿಂದಿನಿಂದ ನೋಡಿ, ಎರಡರ ನಡುವಿನ ಸಂದು ಅಗಲವಾಗಿ ಕಿರಿದಾಗುವುದು ಬರಿಗಣ್ಣಿಗೇ ಕಾಣುತ್ತದೆ. ಎರಡಕ್ಕೂ ಸೇರಿಸಿ ದೋಣಿಯನ್ನು ಬಿಗಿದು ಕಟ್ಟಿದರೆ ಆ ತಿರುಚುವಿಕೆಯನ್ನೆಲ್ಲ ದೋಣಿಯೇ ಉಣ್ಣಬೇಕು. ಪ್ಲಾಸ್ಟಿಕ್ ಬಳುಕಿ ತಾಳಿಕೊಳ್ಳುತ್ತದೆ, ಫೈಬರ್ ತಾಳುವುದಿಲ್ಲ.

ಹನ್ನೆರಡು ಅಡಿಯವರೆಗಿನ ದೋಣಿಗೆ ಎರಡು ಕಂಬಿಯೂ ಬಾಡಿಯ ಮೇಲೆಯೇ ಇರಲಿ, ನಡುವೆ ನಾಲ್ಕು ಅಡಿ ಅಂತರವಿರಲಿ. ಅದು ದೋಣಿಯ ಉದ್ದದ ಮೂರನೆಯ ಒಂದು ಪಾಲು, ಸಾಕಾಗುತ್ತದೆ. ಕ್ಯಾಬಿನ್ನಿನ ಮೇಲೆ ದೋಣಿ ತಾಗದಷ್ಟು ನಾಲ್ಕು ಬೆರಳಿನ ಎಡೆ ಬಿಡಿ. ಮೂಗಿನ ಹಗ್ಗ ದೋಣಿಯನ್ನು ಬಾಗಿಸುವಷ್ಟು ಬಿಗಿ ಬೇಡ, ಸಡಿಲ ಹೋಗುವಷ್ಟೇ ಎಳೆದರೆ ಸಾಕು.

ಮುಚ್ಚಳದ ಹಳಿಯಲ್ಲಿಯೇ ಕಂಬಿ ಸಿಕ್ಕಿಸುವ ತೋಡು ಇದೆ. ಅದರಲ್ಲಿ ಬರೆದಿರುವ ಭಾರವನ್ನು ಪೂರ್ತಿ ಹೇರಬಹುದೇ?

ಆ ಅಂಕಿ ನಿಂತ ಗಾಡಿಗೋ ಓಡುವ ಗಾಡಿಗೋ ಎಂದು ಮೊದಲು ನೋಡಿ. ಓಡುವಾಗಿನ ಮಿತಿ ಬಹಳ ಕಡಿಮೆ ಇರುತ್ತದೆ. ಕಂಬಿ, ತೊಟ್ಟಿಲುಗಳ ತೂಕವನ್ನೂ ಅದರಿಂದ ಕಳೆಯಬೇಕು. ಎತ್ತರದ ಕಾಲುಗಳಿದ್ದರೆ ಇನ್ನೊಂದು ಎಚ್ಚರ: ಕಾಲು ಎತ್ತರವಾದಷ್ಟೂ ಬ್ರೇಕ್ ಹಾಕಿದಾಗ ಬುಡದಲ್ಲಿ ಮೀಟುವ ಬಲ ಹೆಚ್ಚು. ಹಾಗಾಗಿ ಎತ್ತರದ ಕಾಲುಗಳಿಗೆ ಓರೆಯಾಗಿ ಒಂದು ಆಸರೆ ಕಂಬಿ ಬೇಕೇ ಬೇಕು.

ಎರಡು ಕಯಾಕ್ ಒಯ್ಯಬೇಕು. ಪಕ್ಕಪಕ್ಕ ಇಡಲೋ, ಒಂದರ ಮೇಲೊಂದೋ?

ತಲಾ 75ರಿಂದ 80 ಸೆಂಟಿಮೀಟರ್ ಅಗಲದ ಎರಡು ದೋಣಿ ಪಕ್ಕಪಕ್ಕ ಇಟ್ಟರೂ ಗಾಡಿಯ ಅಗಲದೊಳಗೆ ಹಿಡಿಯುತ್ತವೆ. ಮೇಲೆ ಹೇಳಿದ ಎರಡೂ ಪಿಕಪ್‌ಗಳು 1.85 ಮೀಟರಿಗಿಂತ ಕಿರಿದಲ್ಲ. ಹಿಡಿಯದಿದ್ದರೆ ‘ಜೆ’ ಆಕಾರದ ತೊಟ್ಟಿಲಿನಲ್ಲಿ ಓರೆಯಾಗಿ ನಿಲ್ಲಿಸಿ. ಪ್ರತಿಯೊಂದಕ್ಕೂ ಬೇರೆ ಬೆಲ್ಟ್. ಒಂದೇ ಬೆಲ್ಟಿನಲ್ಲಿ ಎರಡನ್ನೂ ಸುತ್ತಿದರೆ ಒಂದು ಅಲುಗಿದರೂ ಎರಡೂ ಸಡಿಲ.

ಕಡಲಿಗೆ ಒಯ್ಯುವ ಹದಿನೇಳು ಅಡಿಯ ಕಯಾಕ್ ಹೋಗುತ್ತದೆಯೇ?

ಹದಿನೇಳು ಅಡಿ ಎಂದರೆ 5.18 ಮೀಟರ್, ಗಾಡಿಯ ಉದ್ದಕ್ಕಿಂತ ಒಂದು ಗೇಣೂ ಕಡಿಮೆಯಿಲ್ಲ. ಬಾಲವನ್ನು ಹಿಂಬಾಗಿಲಿನ ನೇರಕ್ಕೆ ನಿಲ್ಲಿಸಿದರೆ ಮೂಗು ಬಾನೆಟ್ಟಿನ ಮುಂದಿನ ತುದಿಯವರೆಗೆ ಬರುತ್ತದೆ. ಇಷ್ಟು ಉದ್ದಕ್ಕೆ ಬಾಡಿಯ ಮೇಲಿನ ಎರಡು ಕಂಬಿ ಸಾಲದು, ಕ್ಯಾಬಿನ್ನಿನ ಮೇಲೆ ಮೂರನೆಯ ಆಸರೆ ಬೇಕು. ಅಲ್ಲಿ ಮೆತ್ತನೆಯ ಫೋಮ್ ದಿಂಬು ಇಟ್ಟು ದೋಣಿಯನ್ನು ಅದರ ಮೇಲೆ ಕೂರಿಸಿ, ಬಿಗಿಯಬೇಡಿ. ಮುಂದಿನ ನೋಟಕ್ಕೆ ಅಡ್ಡಿಯಾದರೆ ಆ ದೋಣಿಗೆ ಪಿಕಪ್ ತಕ್ಕ ವಾಹನವಲ್ಲ ಎಂದೇ ನನ್ನ ಅಭಿಪ್ರಾಯ. ಉದ್ದದ ಬಾಡಿಯಿರುವ ಸರಕು ಗಾಡಿಯನ್ನು ಬಾಡಿಗೆಗೆ ಹಿಡಿಯಿರಿ.

ಒಂದೇ ವರ್ಷಕ್ಕೆ ಬೋಲ್ಟುಗಳು ಹಿಡಿದುಕೊಂಡುಬಿಟ್ಟಿವೆ. ಯಾಕೆ ಹೀಗೆ?

ಉಪ್ಪು. ಕಡಲಿನಿಂದ ಬಂದ ದೋಣಿಯಿಂದ ತೊಟ್ಟಿಕ್ಕುವ ನೀರು ಸೀದಾ ಕಂಬಿಯ ಕಾಲಿಗೆ, ಮುಚ್ಚಳದ ಹಳಿಗೆ ಇಳಿಯುತ್ತದೆ. ಮುಚ್ಚಳದ ಹಳಿ ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟಿಕೊಂಡಂತೆ. ಅಲ್ಯೂಮಿನಿಯಂ ಬಿಳಿಯ ಹಿಟ್ಟಾಗಿ ಸವೆಯುತ್ತದೆ, ಆ ಹಿಟ್ಟೇ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಬೋಲ್ಟು ಉಳಿಯುತ್ತದೆ, ಅಲ್ಯೂಮಿನಿಯಂ ಸವೆಯುವುದು ನಿಲ್ಲುವುದಿಲ್ಲ. ಎರಡರ ನಡುವೆ ನೈಲಾನ್ ವಾಷರ್ ಇಟ್ಟು, ಎಳೆಗಳಿಗೆ ಗ್ರೀಸ್ ಸವರಿ, ಆರು ತಿಂಗಳಿಗೊಮ್ಮೆ ಬಿಚ್ಚಿ ಹಾಕಿ.

ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆಯುವುದಕ್ಕೆ ಸಮನಾದ ಮದ್ದಿಲ್ಲ. ದೋಣಿಯನ್ನು ಎಲ್ಲರೂ ತೊಳೆಯುತ್ತಾರೆ. ಬೆಲ್ಟಿನ ಬಕಲ್, ಕಂಬಿಯ ಕಾಲಿನ ಒಳಮೈ, ಮುಚ್ಚಳದ ಹಳಿಯ ತೋಡು ಮರೆತುಹೋಗುತ್ತವೆ. ಬೆಲ್ಟುಗಳನ್ನು ಒಂದು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ನೆರಳಿನಲ್ಲಿ ಒಣಗಿಸಿ.

ಬಿಸಿಲಿನಲ್ಲಿ ನಿಲ್ಲಿಸಿದ್ದೆ. ಕಯಾಕಿನ ಮೈ ನೆಗ್ಗಿದೆ. ಇನ್ನು ಸರಿಹೋಗುವುದೇ?

ಬಹುಮಟ್ಟಿಗೆ ಸರಿಹೋಗುತ್ತದೆ. ಪ್ಲಾಸ್ಟಿಕ್ ಕಯಾಕಿನ ಪಾಲಿಥಿಲೀನ್ ಬಿಸಿಯಾದರೆ ಮೆತ್ತಗಾಗುತ್ತದೆ. ಬೆಲ್ಟ್ ಬಿಗಿದಿದ್ದ ಕಡೆ ಏಪ್ರಿಲ್, ಮೇ ಬಿಸಿಲಿಗೆ ಕಂಬಿಯ ಅಚ್ಚೇ ಬೀಳುತ್ತದೆ. ಬೆಲ್ಟನ್ನೆಲ್ಲ ಬಿಚ್ಚಿ, ನೆಗ್ಗಿದ ಭಾಗವನ್ನು ಬಿಸಿಲಿಗೆ ಒಡ್ಡಿ ಒಂದು ಮಧ್ಯಾಹ್ನ ಬಿಡಿ. ಹೆಚ್ಚಿನ ನೆಗ್ಗು ತಾನಾಗಿ ಮೇಲೇಳುತ್ತದೆ. ಏಳದಿದ್ದರೆ ಒಳಗಿನಿಂದ ಬಿಸಿನೀರು ಸುರಿದು ಅಂಗೈಯಿಂದ ಒತ್ತಿ, ಕೂಡಲೇ ತಣ್ಣೀರು ಹಾಕಿ. ಬೆಂಕಿಯನ್ನು ಹತ್ತಿರ ತರಬೇಡಿ. ಮುಂದಿನ ಸಲ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಗಾಡಿಯನ್ನು ಮರದ ನೆರಳಿಗೆ ಹಾಕಿ ಬೆಲ್ಟನ್ನು ಒಂದು ಬೆರಳು ಸಡಿಲಿಸಿ, ಹೊರಡುವ ಮೊದಲು ಮತ್ತೆ ಬಿಗಿಯಿರಿ. ತೆಂಗಿನ ಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ.